ಆಕ್ಸೆಂಟ್ ಬದಲಿಸಿಕೊಳ್ಳಬೇಕಾ?

"ಸಾರ್, ಕಾಲ್‌ನಲ್ಲಿ ಅಮೆರಿಕಾದವರು ಮಾತುಮಾತಿಗೂ 'ಸಾರಿ?' ಅಂತಾರೆ. ಆಕ್ಸೆಂಟ್ ಬದಲಿಸಿಕೊಳ್ಳೋದು ಹೇಗೆ?" ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಬದಲಿಸಿಕೊಳ್ಳಬೇಡಿ ಅನ್ನುವುದೇ ನನ್ನ ಉತ್ತರ.

ಆಕ್ಸೆಂಟ್ ಬೇರೆ, ಅರ್ಥವಾಗುವುದು ಬೇರೆ. ಮರ್ರೆ ಮನ್ರೋ ಮತ್ತು ಟ್ರೇಸಿ ಡರ್ವಿಂಗ್ ಎಂಬ ಸಂಶೋಧಕರು 1995ರಲ್ಲಿ ಇದನ್ನು ತೋರಿಸಿದರು. ಮ್ಯಾಂಡರಿನ್ ಮನೆಮಾತಿನವರ ಇಂಗ್ಲಿಷನ್ನು ಇಂಗ್ಲಿಷ್ ಮನೆಮಾತಿನವರಿಗೆ ಕೇಳಿಸಿ, ಕೇಳಿದ್ದನ್ನು ಬರೆಸಿದರು. ಆಕ್ಸೆಂಟ್ ಜೋರಾಗಿದೆ ಅಂದ ಮಾತುಗಳನ್ನೂ ಎಷ್ಟೋ ಸಲ ಅವರು ಸರಿಯಾಗಿಯೇ ಬರೆದಿದ್ದರು.

ಹಾಗಾದರೆ ನಾವು ಎಡವುವುದು ಎಲ್ಲಿ? ಮುಖ್ಯವಾಗಿ ಒತ್ತಿನಲ್ಲಿ, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ಹೇಳುತ್ತೇವೆ ಅನ್ನುವುದರಲ್ಲಿ. 'ಹೋಟೆಲ್' ಅನ್ನುವಾಗ ನಾವು 'ಹೋ' ಒತ್ತುತ್ತೇವೆ, ಅವರು 'ಟೆಲ್' ಒತ್ತುತ್ತಾರೆ. ನಮ್ಮ 'ಡೆವಲಪ್' ಅವರಿಗೆ 'ಡಿವೆಲಪ್', ಒತ್ತು 'ವೆ' ಮೇಲೆ. ವಾಕ್ಯದಲ್ಲೂ ಇದೇ ಕಥೆ. ಕನ್ನಡದಲ್ಲಿ 'ಮಂಗಳವಾರವೇ ಬೇಕು' ಅಂತ ಒಂದು 'ಏ' ಸೇರಿಸಿದರೆ ಕೆಲಸ ಮುಗೀತು. ಇಂಗ್ಲಿಷಿನಲ್ಲಿ ಆ ಕೆಲಸವನ್ನು ದನಿಯೇ ಮಾಡಬೇಕು. 'ಐ ನೀಡ್ ಇಟ್ ಆನ್ ಟ್ಯೂಸ್‌ಡೇ' ಅಂತ ಒಂದೇ ಸಮನೆ ಹೇಳಿಬಿಟ್ಟರೆ ಯಾವುದು ಮುಖ್ಯ ಅಂತ ಕೇಳುವವರಿಗೆ ತಿಳಿಯುವುದಿಲ್ಲ. 'ಟ್ಯೂಸ್' ಬಂದಾಗ ದನಿ ಏರಿಸಿ, ಸ್ವಲ್ಪ ಎಳೆಯಿರಿ.

ಆಮೇಲೆ, ಪದದ ಶುರುವಿನಲ್ಲಿ ಬರುವ ಪ್, ಟ್, ಕ್. ಅವರು ಇವನ್ನು ಉಸಿರು ಚಿಮ್ಮಿಸಿ ಹೇಳುತ್ತಾರೆ, ನಾವು ಹಾಗೆ ಹೇಳುವುದಿಲ್ಲ. ಅದಕ್ಕೇ ನಮ್ಮ 'ಪಾರ್ಕ್' ಅವರಿಗೆ 'ಬಾರ್ಕ್' ಅಂತ ಕೇಳಿಸಬಹುದು. ಬಾಯಿಯ ಮುಂದೆ ತೆಳುವಾದ ಕಾಗದ ಹಿಡಿದು ಹೇಳಿ ನೋಡಿ, ಕಾಗದ ಅಲ್ಲಾಡಬೇಕು. ನಮ್ಮ ವರ್ಣಮಾಲೆಯಲ್ಲಿ ಇದಕ್ಕೆ ಮಹಾಪ್ರಾಣ 'ಫ' ಇದೆ. ಆದರೆ ಅದನ್ನು ಯಾವತ್ತೋ ಕಾಫಿಯ 'ಎಫ್' ಸದ್ದಿಗೆ ಬಿಟ್ಟುಕೊಟ್ಟಿದ್ದೇವೆ!

'ಥ್ಯಾಂಕ್ಸ್', 'ಥಿಂಕ್' ಸರಿಯಾಗಿ ಬರಲ್ಲ ಅಂತ ಕೊರಗುವವರೂ ಇದ್ದಾರೆ. ಬಿಟ್ಟುಬಿಡಿ. ಐರ್ಲೆಂಡಿನಲ್ಲಿ ಎಷ್ಟೋ ಜನ ಅದನ್ನು ಹೆಚ್ಚುಕಡಿಮೆ ನಮ್ಮ 'ತ್' ಥರಾನೇ ಹೇಳುತ್ತಾರೆ. 'ಶಿಪ್', 'ಶೀಪ್' ವ್ಯತ್ಯಾಸವೂ ನಮಗೆ ಕಷ್ಟವಲ್ಲ, ಇ ಈ ಒಂದನೇ ಕ್ಲಾಸಿನಲ್ಲೇ ಕಲಿತಿದ್ದೇವಲ್ವಾ? ಸುಮ್ನೆ ನಾಲಿಗೆ ಸುರುಳಿ ಸುತ್ತಿ 'ರ್' ಎಳೆಯುವುದಂತೂ ಬೇಡವೇ ಬೇಡ. ಎರಡನೇ ವಾಕ್ಯಕ್ಕೇ ಬಣ್ಣ ಬಯಲಾಗುತ್ತದೆ.

ದುಡ್ಡಿನ ವಿಷಯ ಬಂದಾಗ ಮಾತ್ರ ಇನ್ನೂ ಹುಷಾರಾಗಿರಿ. 'ಫಿಫ್ಟೀನ್', 'ಫಿಫ್ಟಿ' ಅವರವರಿಗೇ ಅದಲುಬದಲಾಗಿ ಕೇಳಿಸುತ್ತವೆ. 'ಫಿಫ್ಟೀನ್, ಒನ್ ಫೈವ್' ಅಂತ ಬಿಡಿಸಿ ಹೇಳಿ.