ಟೆಸ್ಟ್ ಈಗ ಮಾಡಸ್ಲ್ಯಾ, ವೇಟಿಂಗ್ ಮುಗಿದ ಮ್ಯಾಲ ಮಾಡಸ್ಲ್ಯಾ?

ನಂದು ಊರು ಸಿಂಧನೂರು, ಕೆಲಸ ರಾಯಚೂರಾಗ ಒಂದು ಪ್ರೈವೇಟ್ ಆಸ್ಪತ್ರಿ ಇನ್ಶೂರೆನ್ಸ್ ಡೆಸ್ಕಿನ್ಯಾಗ. ಹಂಗಾಗಿ ಮದುವಿಗೆ ಹೋದ್ರೂ ಇದೇ ಪ್ರಶ್ನಿ: "ಅಕ್ಕಾ, ಡಾಕ್ಟ್ರು ಸ್ಕ್ಯಾನಿಂಗ್ ಬರದಾರ, ಹೆಲ್ತ್ ಪಾಲಿಸಿ ತಗೊಂಡು ಭಾಳ ದಿನ ಆಗಿಲ್ಲ, ಈಗ ಏನರ ಸಿಕ್ರ ಮುಂದ ಕ್ಲೇಮ್ ಕೊಡಂಗಿಲ್ಲಂತ, ತಡದು ಮಾಡಸ್ಲ್ಯಾ?"

ಮೈಯಾಗ ತ್ರಾಸು ಐತಿ, ಡಾಕ್ಟ್ರು ಬರದಾರ ಅಂದ್ರ ಈಗ ಮಾಡಸ್ರಿ. ತಡದ್ರ ಲಾಭ ಐತಿ ಅನ್ನೋದೇ ತಪ್ಪು ಲೆಕ್ಕ. ಯಾಕಂದ್ರ ವೇಟಿಂಗ್ ಪೀರಿಯಡ್ (ಕ್ಲೇಮ್ ಸಿಗೋಕಿಂತ ಮೊದಲು ಕಾಯೋ ಕಾಲ) ಎಣಿಸೋದು ಪಾಲಿಸಿ ಶುರುವಾದ ದಿನದಿಂದ, ಟೆಸ್ಟ್ ಮಾಡಿಸಿದ ದಿನದಿಂದ ಅಲ್ಲ. ಮೊದಲ 30 ದಿನ ಆಕ್ಸಿಡೆಂಟ್ ಬಿಟ್ಟು ಬ್ಯಾರೆ ರೋಗಕ್ಕ ಕವರ್ ಇರಂಗಿಲ್ಲ. ಹರ್ನಿಯಾ, ಕಣ್ಣಿನ ಪೊರಿ, ಮೊಣಕಾಲು ಬದಲಿ ಇಂಥವಕ್ಕ ಬಹಳಷ್ಟು ಪಾಲಿಸಿಯೊಳಗ ಬ್ಯಾರೆ ವೇಟಿಂಗ್ ಇರ್ತೈತಿ, ಹಳೇ ರೋಗಕ್ಕಂತೂ ಜಾಸ್ತಿ ಅಂದ್ರ 36 ತಿಂಗಳು, ಮೊದಲು 48 ಇತ್ತು, 2024ರಾಗ ಇನ್ಶೂರೆನ್ಸ್ ಕಂಪನಿಗಳ ಮ್ಯಾಲ ಕಣ್ಣಿಡೋ ಸರ್ಕಾರಿ ಸಂಸ್ಥಾ ಐಆರ್‌ಡಿಎಐ ಇಳಿಸ್ತು. ನೀವು ಟೆಸ್ಟ್ ಮಾಡಸ್ರಿ ಬಿಡ್ರಿ, ಆ ಎಣಿಕಿ ತನ್ನ ಪಾಡಿಗೆ ತಾ ನಡದಿರ್ತೈತಿ.

ಹಳೇ ರೋಗ ಅಂದ್ರ ರಿಪೋರ್ಟ್‌ನ್ಯಾಗ ಬಂದಿದ್ದು ಅಷ್ಟೇ ಅಲ್ಲ, ಇದನ್ನ ಯಾರೂ ತಲಿಗೆ ಹಾಕ್ಕೊಳ್ಳಂಗಿಲ್ಲ. ಪಾಲಿಸಿಗಿಂತ ಹಿಂದಿನ 36 ತಿಂಗಳಾಗ ಯಾವ ರೋಗಕ್ಕ ಡಾಕ್ಟ್ರು ಸಲಹಾ ಕೊಟ್ಟಿದ್ರೂ, ಔಷಧ ಬರದಿದ್ರೂ ಅದು ಹಳೇದು ಅಂತನೇ ಹಿಡೀತಾರ. ಅಂದ್ರ ಚೀಟಿ ಆಗ್ಲೇ ಬರಸ್ಕೊಂಡಿದ್ರ, ಸ್ಕ್ಯಾನಿಂಗ್ ಮುಂದಕ್ಕ ಹಾಕಿದ್ರ ಚೀಟಿ ಮ್ಯಾಲಿನ ತಾರೀಖೇನು ಅಳಸಂಗಿಲ್ಲಲ್ಲ. ಹಂಗ ಪಾಲಿಸಿ ಆದ ಮ್ಯಾಲ, 30 ದಿನ ಕಳದು ಮೊದಲನೇ ಸಲ ತ್ರಾಸು ಶುರುವಾಗಿ ಟೆಸ್ಟ್‌ನ್ಯಾಗ ಸಿಕ್ರ, ಸಿಕ್ತು ಅನ್ನೋ ಕಾರಣಕ್ಕ ಅದು ಹಳೇ ರೋಗ ಆಗಂಗಿಲ್ಲ. ಗಡ್ಡಿ ಇತ್ತಂದ್ರ ಬೆಳಕೋಂತನೇ ಹೋಗ್ತೈತಿ, ಅದಕ್ಕ ವೇಟಿಂಗ್ ಗೊತ್ತಿಲ್ಲ.

ಏನೂ ತ್ರಾಸಿಲ್ಲ, ಸುಮ್ನ ಫುಲ್ ಬಾಡಿ ಚೆಕಪ್ ಮಾಡಸ್ಬೇಕು, ಪಾಲಿಸಿನೂ ತಗೋಬೇಕು ಅನ್ನೋರಿಗೆ ನಾ ಮೊದಲು ಪಾಲಿಸಿ ತಗೋರಿ ಅಂತೀನಿ. ಅದ್ರಾಗ ಮೋಸ ಇಲ್ಲ. ಗೊತ್ತಿದ್ದೂ ಮುಚ್ಚಿಡೋದು ಬ್ಯಾರೆ.

ಇನ್ನ ಟೆಸ್ಟಿನ ರೊಕ್ಕದ ಮಾತು. ಓಪಿಡಿ (ಅಡ್ಮಿಟ್ ಆಗದ ತೋರ್ಸ್ಕೊಳ್ಳೋದು) ಕವರ್ ಇಲ್ಲದ ಪಾಲಿಸಿ ಬರೀ ಟೆಸ್ಟಿಗೆ ಕೊಡಂಗಿಲ್ಲ. "ಒಂದಿನ ಅಡ್ಮಿಟ್ ಮಾಡ್ಕೊಂಡು ಎಂಆರ್‌ಐ ಮಾಡ್ರಿ ಅಕ್ಕಾ, ಕ್ಲೇಮಿನ್ಯಾಗ ಬರ್ತೈತಿ" ಅಂತ ಕೇಳ್ತಾರ, ಬರಂಗಿಲ್ಲ, ಬರೀ ತಪಾಸಣಿಗೆ ಅಡ್ಮಿಟ್ ಆದ್ರ ಕ್ಲೇಮ್ ಇಲ್ಲ ಅಂತ ಪಾಲಿಸಿಯೊಳಗ ಸ್ಪಷ್ಟ ಬರ್ದಿರ್ತಾರ. ಆದ್ರ ಅದೇ ರೋಗಕ್ಕ ಮುಂದ ಅಡ್ಮಿಟ್ ಆದ್ರ, ಆ ಕ್ಲೇಮ್ ಒಪ್ಪಿದ್ರ, ಹಿಂದಿನ 30 ಅಥವಾ 60 ದಿನದ ಟೆಸ್ಟ್ ಖರ್ಚು ಬಹಳಷ್ಟು ಪಾಲಿಸಿಯೊಳಗ ವಾಪಸ್ ಬರ್ತೈತಿ, ಅದಕ್ಕ ಡಾಕ್ಟರ್ ಚೀಟಿ, ಬಿಲ್ಲು, ರಿಪೋರ್ಟ್ ಮೂರೂ ಜೋಡಿಸಿ ಇಟ್ಕೋರಿ, ಚೀಟಿ ಇಲ್ಲದ ಬಿಲ್ಲಿಗೆ ತಕರಾರು ತಗೀತಾರ. ಜಿನ್ನಿಂಗ್ ಮಿಲ್ಲಿನ್ಯಾಗ ದುಡಿಯೋರಿಗೆ ಸರ್ಕಾರಿ ವಿಮಾ ಆದ ಇಎಸ್‌ಐ ಕಟ್ಟತಿದ್ರ ಓಪಿಡಿ ಟೆಸ್ಟೂ ಅದ್ರಾಗ ಬರ್ತಾವ, ಎಷ್ಟೋ ಮಂದಿ ಕಾರ್ಡ್ ಮನ್ಯಾಗಿಟ್ಟು ಹೊರಗ ರೊಕ್ಕ ಕೊಡ್ತಾರ. ಯಾವುದೂ ಇಲ್ಲಂದ್ರ ರಾಯಚೂರಾಗ ನಮ್ಮ ಸರ್ಕಾರಿ ಆಸ್ಪತ್ರಿ ರಿಮ್ಸ್ ಐತಿ, ಪಾಳಿ ಹಚ್ಚಬೇಕು ಅಷ್ಟೇ. ಹಳೇ ಪದ್ಧತಿಯೊಳಗ ಟ್ಯಾಕ್ಸ್ ಕಟ್ಟೋರಿಗೆ ಹೆಲ್ತ್ ಚೆಕಪ್‌ಗೆ 5,000 ರೂಪಾಯಿ ತನ ಆದಾಯದಾಗ ಕಳಿಯೋ ಲೆಕ್ಕಕ್ಕ ಬರ್ತೈತಿ.

ಕ್ಲೇಮ್ ಹೋಗೋದು ಟೆಸ್ಟಿಂದ ಅಲ್ಲ, ಬಾಯಿಂದ, ನಾ ಡೆಸ್ಕಿನ್ಯಾಗ ನೋಡಿದ್ದು ಇದೇ ಜಾಸ್ತಿ. ಅಡ್ಮಿಟ್ ಆಗೋಮುಂದ ಡ್ಯೂಟಿ ಡಾಕ್ಟ್ರು ಕೇಳ್ತಾರ, ಪಕ್ಕದಾಗ ನಿಂತ ಕಾಕಾ "ಇವ್ಗ ಭಾಳ ವರ್ಷದಿಂದ ಶುಗರ್ ಐತ್ರಿ" ಅಂತಾನ, ಗೊತ್ತಿರಲಿ ಬಿಡ್ಲಿ, ಅದು ಕೇಸ್ ಶೀಟ್‌ನ್ಯಾಗ ಇಳೀತೈತಿ, ಅಲ್ಲಿಂದ ಡಿಸ್ಚಾರ್ಜ್ ಸಮ್ಮರಿಗೆ, ಅಲ್ಲಿಂದ ಕಂಪನಿಗೆ. ಸುಳ್ಳು ಹೇಳಬ್ಯಾಡ್ರಿ, ಅಂದಾಜೂ ಹೇಳಬ್ಯಾಡ್ರಿ, ಮೊದಲನೇ ರಿಪೋರ್ಟ್ ಯಾವ ತಾರೀಖಿಂದು ಅಂತ ತೋರ್ಸಿ ಹೇಳ್ರಿ. ತಪ್ಪು ಬರದಿದ್ರ ಡಿಸ್ಚಾರ್ಜ್ ಆಗೋಕಿಂತ ಮೊದಲು ಅದೇ ಡಾಕ್ಟ್ರ ಕಡಿಂದ ತಿದ್ದಿಸಿ ಸಹಿ ಮಾಡಸ್ಕೋರಿ, ಮನಿಗೆ ಹೋಗಿ ತಿಂಗಳಾದ ಮ್ಯಾಲ ಬಂದ್ರ ಅವ್ರೂ ತಿದ್ದಾಕ ಹಿಂದಮುಂದ ನೋಡ್ತಾರ.