ಎಡಗಿವಿ ಕೇಳುವುದಿಲ್ಲ ಅಂದರೆ ಮನೆಗೆ ಕಳಿಸ್ತಾರಾ?

ಸೇನೆಯ ಆಸ್ಪತ್ರೆಗಳಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದು, ಪೆನ್ಶನ್ ಬಂದಮೇಲೆ ಅಂಕೋಲೆ ಸೇರಿದವನು ನಾನು. ಸೇನೆಗೆ ಸೇರಿದ ಹುಡುಗರು ರಜೆಗೆ ಬಂದಾಗ ಚಹಾದಂಗಡಿಯ ಮೂಲೆಗೆ ಕರೆದು ಕೇಳುತ್ತಾರೆ: "ಕಿವಿ ಕೇಳೋದಿಲ್ಲ, ಕಾಲಲ್ಲಿ ಶಕ್ತಿ ಇಲ್ಲ ಅಂದ್ರೆ ಡಿಸ್ಚಾರ್ಜ್ ಮಾಡ್ತಾರಂತೆ, ಹೌದಾ ಮಾಮ?"

ಇಲ್ಲ. ವಾರ್ಡಿಗೆ ಹಾಕ್ತಾರೆ.

ನಮ್ಮಲ್ಲಿ ಕಡ್ಡಾಯ ಸೈನ್ಯಸೇವೆ ಇಲ್ಲ, ಅಲ್ವಾ? ಭರ್ತಿಗೆ ಮೊದಲು ಕಿವಿಯ ಗುಗ್ಗೆ ತೆಗೆಸಿಕೊಂಡು, ಎಲ್ಲ ಸರಿಯಿದೆ ಅಂತ ತೋರಿಸಿ ಒಳಗೆ ಹೋದವರೇ ಇವರು. ಆ ದಿನದ ದಾಖಲೆ ಅಲ್ಲೇ ಇರುತ್ತದೆ.

ಎಡಗಿವಿ ಕೇಳುವುದಿಲ್ಲ ಅಂದವನಿಗೆ ಸ್ಟೆಂಗರ್ ಅಂತ ಒಂದು ಪರೀಕ್ಷೆ ಇದೆ. ನನಗೆ ಬಹಳ ಇಷ್ಟದ್ದು. ಹೆಡ್‌ಫೋನ್ ಹಾಕಿ ಎರಡೂ ಕಿವಿಗೆ ಒಂದೇ ಸ್ವರ ಬಿಡುತ್ತಾರೆ. ಬಲಕ್ಕೆ ಮೆಲ್ಲಗೆ, ಎಡಕ್ಕೆ ಜೋರಾಗಿ. ಒಂದೇ ಸ್ವರ ಎರಡೂ ಕಡೆ ಬಂದರೆ ನಮಗೆ ಜೋರಾದ ಕಡೆಯದು ಮಾತ್ರ ಕೇಳುತ್ತದೆ. ನಿಜವಾಗಿ ಎಡಗಿವಿ ಹೋದವನು ಬಲಗಿವಿಯ ಮೆಲುದನಿ ಕೇಳಿಸಿಕೊಂಡು ಬಟನ್ ಒತ್ತುತ್ತಾನೆ. ನಾಟಕದವನಿಗೆ ಎಡಗಡೆ ಮಾತ್ರ ಕೇಳುತ್ತದೆ, ಹಾಗಾಗಿ ಸುಮ್ನೆ ಕೂರುತ್ತಾನೆ. ಸುಮ್ಮನೆ ಕೂತದ್ದಕ್ಕೇ ಸಿಕ್ಕಿಬೀಳುತ್ತಾನೆ!

ಕಾಲಿನದೂ ಹಾಗೆಯೇ. ಮಲಗಿಸಿ, ಒಳ್ಳೆಯ ಕಾಲಿನ ಹಿಮ್ಮಡಿಯ ಕೆಳಗೆ ಡಾಕ್ಟರು ಕೈಯಿಟ್ಟು 'ಸೋತ ಕಾಲು ಎತ್ತು' ಅನ್ನುತ್ತಾರೆ. ನಿಜವಾಗಿ ಎತ್ತಲು ಹೆಣಗಿದರೆ ಈ ಹಿಮ್ಮಡಿ ತಾನಾಗಿ ಕೆಳಗೆ ಒತ್ತುತ್ತದೆ. ಕೈಗೆ ಭಾರ ಬೀಳದಿದ್ದರೆ ಡಾಕ್ಟರಿಗೆ ಅನುಮಾನ ಶುರು. ಅದೊಂದರ ಮೇಲೆ ಯಾರನ್ನೂ ಕಳ್ಳ ಅನ್ನುವುದಿಲ್ಲ, ಮನಸ್ಸಿನ ತೊಂದರೆಯಿಂದಲೂ ಹಾಗಾಗುವುದುಂಟು.

ಇನ್ನು ನಿಜವಾದ ದೋಷ ಇದ್ದರೂ ಸೀದಾ ಮನೆಗಲ್ಲ. ಮನಸ್ಸು, ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು, ಈ ಐದಕ್ಕೂ ಅಂಕಿ ಕೊಡುತ್ತಾರೆ, ಅದಕ್ಕೆ ಶೇಪ್ ಅಂತ ಹೆಸರು. ಶೇಪ್ ಒನ್ ಅಂದರೆ ಪೂರ್ತಿ ಫಿಟ್. ಕೆಳಗಿಳಿದವರನ್ನು ಲೋ ಮೆಡಿಕಲ್ ಅಂತ ಕರೆದು ಜಾಸ್ತಿ ಮಂದಿಗೆ ಹಗುರ ಕೆಲಸ ಕೊಟ್ಟು ಇಟ್ಟುಕೊಳ್ಳುತ್ತಾರೆ. ಬಡ್ತಿಗೆ ಮಾತ್ರ ಕಲ್ಲು. ನಾಟಕ ಸಾಬೀತಾದರೆ 1950ರ ಆರ್ಮಿ ಆಕ್ಟ್‌ನ 46ನೇ ಸೆಕ್ಷನ್ ಇದೆ, ಕೋರ್ಟ್ ಮಾರ್ಷಲ್‌ನಲ್ಲಿ 7 ವರ್ಷದ ತನಕ ಜೈಲು. ಬೇಕಂತ ಗಾಯ ಮಾಡಿಕೊಂಡವರಿಗೂ ಅದೇ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಇಂಥ ನಾಲ್ಕು ಜನರನ್ನು ನೋಡಿದ ವಾರ್ಡು ಐದನೆಯವನ ನಿಜವಾದ ನೋವನ್ನೂ ನಂಬುವುದಿಲ್ಲ.

ಮೊನ್ನೆ ಕೇಳಿದ ಹುಡುಗನಿಗೆ ಚಹಾ ತಣ್ಣಗಾಗುವ ತನಕ ಇದೆಲ್ಲ ಹೇಳಿದೆ. ಆಮೇಲೆ ಬಾಯಿಬಿಟ್ಟ. ಅಪ್ಪನಿಗೆ ಲಕ್ವ ಹೊಡೆದಿದೆ, ದೋಣಿ ದಡದಲ್ಲೇ ಬಿದ್ದಿದೆ, ಅವ್ವ ಒಬ್ಬಳೇ.

"ಮನೆ ಕಷ್ಟಕ್ಕೆ ಡಿಸ್ಚಾರ್ಜ್ ಕೇಳುವ ದಾರಿಯೇ ಇದೆಯಲ್ಲೋ ಮಾರಾಯ. ಕೊಡಲೇಬೇಕು ಅಂತಿಲ್ಲ, ಆದ್ರೆ ಇದನ್ನೇ ಅರ್ಜಿಯಲ್ಲಿ ಬರಿ."

"ಇದನ್ನ ಹ್ಯಾಗೆ ಬರೆಯೋದು ಮಾಮ," ಅಂದ. "ಸಾಹೇಬ್ರ ಮುಂದೆ ನಾಚಿಕೆ ಆಗ್ತದೆ."