ಪೇಪರ್ ಸುತ್ತಿದ ಮಾತ್ರೆ

ಸಂಜೆ ಅಮ್ಮನ ಬಿಪಿ ಮಾತ್ರೆ ತರೋಕೆ ಮೆಡಿಕಲ್‌ಗೆ ಹೋಗಿದ್ದೆ. ನನ್ನ ಮುಂದೆ ಒಬ್ಬಳು ಹುಡುಗಿ. ಫೋನಲ್ಲಿ ಏನೋ ಟೈಪ್ ಮಾಡಿ ಅಂಗಡಿಯವರಿಗೆ ತೋರಿಸಿದಳು. ಅವರು ಓದಿ, ಎಲ್ಲರಿಗೂ ಕೇಳೋ ಹಾಗೆ ಅಂದರು: "ಮದುವೆ ಆಗಿದ್ಯೇನಮ್ಮಾ? ಡಾಕ್ಟರ್ ಚೀಟಿ ಎಲ್ಲಿ?"

ತುರ್ತು ಗರ್ಭನಿರೋಧಕ ಮಾತ್ರೆಗೆ ಚೀಟಿ ಬೇಕಿಲ್ಲ. ಮದುವೆಯಂತೂ ಬೇಕೇ ಇಲ್ಲ. ಲೈಂಗಿಕ ಸಂಪರ್ಕ ಆದ 72 ಗಂಟೆಯೊಳಗೆ ತಗೋಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೇದು. ಅಷ್ಟೇ ಹೇಳಿದೆ. ದನಿ ಸ್ವಲ್ಪ ನಡುಗಿತು, ಸುಳ್ಳು ಯಾಕೆ.

ಅವರು ಸುಮ್ನೆ ಡಬ್ಬಿ ತೆಗೆದರು. ಹಳೇ ಪೇಪರ್‌ನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಮೇಲೊಂದು ಕಪ್ಪು ಕವರ್. ಅಮ್ಮನ ಮಾತ್ರೆ ಮಾತ್ರ ಹಾಗೇ ಕೈಗೆ ಕೊಟ್ಟರು.

1930ರಲ್ಲೇ ನಮ್ಮ ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ಸರ್ಕಾರವೇ, ರೀ! ಈಗಲೂ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭ ತಡೆಯೋಕೆ ಮೂರು ತಿಂಗಳಿಗೊಮ್ಮೆಯ ಅಂತರಾ ಇಂಜೆಕ್ಷನ್, ಛಾಯಾ ಮಾತ್ರೆ ಎಲ್ಲ ಪುಕ್ಕಟೆ. ಆದ್ರೆ ಕೇಳೋಕೆ ಬಾಯಿ ಬರಬೇಕಲ್ಲ. ಕೇಳಿದವಳಿಗೆ ಇಂಥ ಪ್ರಶ್ನೆ ಬಿದ್ದರೆ ಇನ್ನೊಂದು ಸಲ ಯಾರು ಹೋಗ್ತಾರೆ?

ಹುಡುಗಿ ಹೊರಗೆ ನಿಂತು ಪೇಪರ್ ಬಿಚ್ಚಿದಳು. ಡಬ್ಬಿ ಬ್ಯಾಗಿಗೆ, ಪೇಪರ್ ಕಸದ ಬುಟ್ಟಿಗೆ. ರಬ್ಬರ್ ಬ್ಯಾಂಡನ್ನ ಜಡೆಗೆ ಹಾಕಿಕೊಂಡು ಬಸ್ ಹತ್ತಿದಳು.